ಗದ್ದಲದಲ್ಲಿ ಚುರುಕಾಗುವ ಕಿವಿ

ಈ ಮುದುಕ ಬೇಕೆಂದೇ ಸುಳ್ಳು ಹೇಳುತ್ತಿದ್ದಾನೆಯೇ? ಹೇಳುತ್ತಿದ್ದರೆ ಹಿಡಿಯುವುದು ಹೇಗೆ? ಹೇಳುತ್ತಿಲ್ಲವೆಂದರೆ ತನ್ನ ಯಂತ್ರ ಇಷ್ಟು ದಡ್ಡ ಏಕೆ? ಕೊನೆಯ ಪ್ರಶ್ನೆ ಎದುರಾದಾಗಲೆಲ್ಲ ಇಂಜಿನಿಯರ್ ಮೊದಲನೆಯದಕ್ಕೇ ಹಿಂತಿರುಗುತ್ತಿದ್ದ. ಅಲ್ಲಿ ಸ್ವಲ್ಪ ನೆಮ್ಮದಿಯಿತ್ತು.

ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಆಸ್ಪತ್ರೆಗಳ ಉಸಿರಾಟದ ಯಂತ್ರದೊಳಗೆ ಕೂರುವ ಮುಷ್ಟಿಗಾತ್ರದ ಮೋಟರು. ಬೇರಿಂಗಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅದು ಯಾವತ್ತೋ ಒಂದು ದಿನ ಯಾರದೋ ಉಸಿರಿನ ನಡುವೆ ನಿಂತುಬಿಡಬಹುದು. ಅಂಥವನ್ನು ಬೇರ್ಪಡಿಸುವುದು ಮೂವತ್ತು ವರ್ಷದಿಂದ ಒಬ್ಬನೇ ಪರೀಕ್ಷಕನ ಕೆಲಸ. ಎಲ್ಲರೂ ಆತನನ್ನು ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಓಡುವ ಮೋಟರನ್ನು ಎತ್ತಿ ಕೆನ್ನೆಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಕೂಸನ್ನು ಸಂತೈಸುವವರ ಹಾಗೆ ಒಂದು ಗಳಿಗೆ ನಿಲ್ಲುವುದು. ಬಲಕ್ಕೆ ಇಟ್ಟರೆ ಪಾಸು, ಎಡಕ್ಕೆ ಇಟ್ಟರೆ ಗುಜರಿ. ವರ್ಷದ ತಪಾಸಣೆಗೆ ಬರುವ ಡಾಕ್ಟರಮ್ಮ ಆತನ ಸರದಿ ಬಂದಾಗ ಕಿವಿಯ ಸಾಲಿನಲ್ಲಿ ಪರೀಕ್ಷಿಸದೆಯೇ 'ಅತ್ಯುತ್ತಮ' ಎಂದು ಬರೆದು ನಗುತ್ತಿದ್ದರು.

ಕಿವಿಯಣ್ಣನ ನಿವೃತ್ತಿಗೆ ಇನ್ನೆರಡೇ ವರ್ಷ. ಅಷ್ಟರೊಳಗೆ ಆ ಕಿವಿಯನ್ನು ಯಂತ್ರಕ್ಕೆ ಕಲಿಸಬೇಕು ಎಂದೇ ಇಂಜಿನಿಯರನ್ನು ಕರೆಸಿದ್ದರು. ಆರು ತಿಂಗಳ ಗಡುವು. ಕಲಿಸಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಗಂಟುಮೂಟೆ. ಅವನನ್ನು ನಂಬಿ ಹೆಂಡತಿ ತನ್ನ ಕೆಲಸ ಬಿಟ್ಟು ಬಂದಿದ್ದಳು. ಈಗ ಏಳು ತಿಂಗಳ ಬಸುರಿ. ನಾಲ್ಕು ಸಾವಿರ ಮೋಟರುಗಳ ಸದ್ದನ್ನೂ ಕಿವಿಯಣ್ಣನ ತೀರ್ಪನ್ನೂ ಅವನು ಯಂತ್ರಕ್ಕೆ ಉಣಿಸಿದ್ದ. ನೊಣ ನಡೆದರೂ ಕೇಳುವಂಥ ಮೈಕುಗಳು. ಆದರೂ ಯಂತ್ರ ಕಣ್ಣು ಮುಚ್ಚಿ ಕಲ್ಲೆಸೆದಂತೆ ಉತ್ತರ ಕೊಡುತ್ತಿತ್ತು.

"ನಿಮ್ಮಮ್ಮನ್ನ ಕರೆಸಿಬಿಡಿ," ಎಂದಳು ಹೆಂಡತಿ. "ನಾನು ಅಡುಗೆಮನೇಲಿ ಮನಸ್ಸಲ್ಲೇ ಗೊಣಗಿಕೊಂಡ್ರೂ ಅತ್ತೆಗೆ ಹಾಲ್‌ನಲ್ಲಿ ಕೇಳಿಸುತ್ತೆ."

ಅವನಿಗೆ ನಗು ಬರಲಿಲ್ಲ. ಗಡುವಿಗೆ ಉಳಿದದ್ದು ಐದು ದಿನ.

ಮುದುಕನ ಮೇಲೆ ಅನುಮಾನಪಡಲು ಕಾರಣವೂ ಇತ್ತು. ಹಿಂದಿನಿಂದ ಕರೆದರೆ ಆತ ತಿರುಗುತ್ತಿರಲಿಲ್ಲ. ಎದುರಿಗೆ ಹೋಗಿ ನಿಂತರೆ, ಪಾಠ ಒಪ್ಪಿಸುವ ಹುಡುಗನನ್ನು ನೋಡುವ ಮೇಷ್ಟರಂತೆ ಮುಖವನ್ನೇ ದಿಟ್ಟಿಸುತ್ತಿದ್ದ. ತನ್ನ ಜಾಗಕ್ಕೆ ಯಂತ್ರ ಬಂತು ಅನ್ನೋ ಸಿಟ್ಟು, ಬಿಡಿ, ಎಂದು ಮ್ಯಾನೇಜರ್ ಸಮಾಧಾನ ಹೇಳಿದ್ದರು.

ಸೋಮವಾರ ಅವನು ಬಲೆ ಹಾಸಿದ. ಇಪ್ಪತ್ತು ಮೋಟರುಗಳನ್ನು ಗುಟ್ಟಾಗಿ ಬಿಚ್ಚಿ, ಬಿರುಕು ಬಿಟ್ಟ ಏಳನ್ನು ಗುರುತಿಟ್ಟುಕೊಂಡು, ಮತ್ತೆ ಮುಚ್ಚಿ, ಕಲೆಸಿ ಕಳಿಸಿದ. ಕಿವಿಯಣ್ಣ ಏಳನ್ನೂ ಎಡಕ್ಕಿಟ್ಟ, ಹದಿಮೂರನ್ನೂ ಬಲಕ್ಕಿಟ್ಟ. ಒಂದೂ ತಪ್ಪಿಲ್ಲ. ಅಂದರೆ ಮುದುಕ ಸತ್ಯವಂತ. ಇಂಜಿನಿಯರನಿಗೆ ಅದು ಸಂತೋಷದ ಸುದ್ದಿಯಾಗಿರಲಿಲ್ಲ.

ಹಾಗಾದರೆ ಯಂತ್ರಕ್ಕೆ ಅಡ್ಡ ಬರುತ್ತಿರುವುದು ಕಾರ್ಖಾನೆಯ ಗದ್ದಲವೇ ಇರಬೇಕು. ಬುಧವಾರದೊಳಗೆ ಒಂದು ಮೌನದ ಕೋಣೆ ಸಿದ್ಧವಾಯಿತು. ಗೋಡೆಗೆಲ್ಲ ದಪ್ಪ ಸ್ಪಂಜು, ಎರಡು ಪದರದ ಬಾಗಿಲು, ಮೋಟರಿಗೆ ರಬ್ಬರಿನ ಹಾಸಿಗೆ. ಮೈಕಿಗೆ ಬೇರೆ ಯಾವ ಸದ್ದೂ ಬೆರೆಯಬಾರದು. ಕೆಮ್ಮುವಂತಿಲ್ಲ, ಕುರ್ಚಿ ಎಳೆಯುವಂತಿಲ್ಲ, ಮೋಟರು ಮುಟ್ಟುವಂತಿಲ್ಲ. ನಿಯಮಗಳನ್ನು ಹಾಳೆಯಲ್ಲಿ ಬರೆದು ಬಾಗಿಲಿಗೆ ಅಂಟಿಸಿದ್ದ. ಕಿವಿಯಣ್ಣ ಅದನ್ನು ಎರಡು ಸಲ ಓದಿ, ಕೂತು, ಮೋಟರಿನತ್ತ ಕಿವಿ ಬಾಗಿಸಿದ.

ಅವೇ ಇಪ್ಪತ್ತು ಮೋಟರುಗಳು. ಒಂಬತ್ತು ತಪ್ಪು.

ಆತನ ಹಣೆ ಬೆವರಿತ್ತು. ಏನಾಯಿತು ಎಂದು ಇಂಜಿನಿಯರ್ ಎದುರಿಗೆ ಕೂತು ಕೇಳಿದ.

"ಇಲ್ಲಿ ಎಲ್ಲಾ ಸತ್ತ ಹಾಗಿದೆ, ಸರ್," ಎಂದ ಕಿವಿಯಣ್ಣ. "ನನಗೆ ನನ್ನ ಜಾಗವೇ ಆಗಬೇಕು."

ಜಾಗಕ್ಕೆ ಹೋದರು. ಅತ್ತ ಸುತ್ತಿಗೆ, ಇತ್ತ ಲೇತು, ಮೇಲೆ ಕ್ರೇನಿನ ಕಿರುಚಾಟ. ಇಂಜಿನಿಯರ್ ಮೋಟರುಗಳನ್ನು ಮತ್ತೆ ಕಲೆಸಿ ಕೊಟ್ಟ. ಕಿವಿಯಣ್ಣ ಒಂದೊಂದನ್ನೇ ಎತ್ತಿ ಕೆನ್ನೆಯ ಹತ್ತಿರ ಹಿಡಿದ. ಇಪ್ಪತ್ತಕ್ಕೆ ಇಪ್ಪತ್ತೂ ಸರಿ.

ಇಂಜಿನಿಯರ್ ನಿಂತಲ್ಲೇ ನಿಂತ. ಮೌನದಲ್ಲಿ ಸೋಲುವ ಕಿವಿ ಗದ್ದಲದಲ್ಲಿ ಗೆಲ್ಲುತ್ತಿದೆ! ಅಂದರೆ ಮನುಷ್ಯನ ಕಿವಿಗೆ ಗದ್ದಲ ಶತ್ರುವಲ್ಲ, ಸಾಣೆಕಲ್ಲು. ಇನ್ನೊಂದು ಸುತ್ತು ಪರೀಕ್ಷೆ ಮಾಡಬೇಕಿತ್ತು, ನಿಜ. ಆದರೆ ವರದಿ ಶುಕ್ರವಾರವೇ ಕೊಡಬೇಕು, ಹೆಂಡತಿಗೆ ಏಳು ತಿಂಗಳು. ಅವನು ಕೂತು ನಲವತ್ತು ಪುಟ ಬರೆದ. ಆರು ನಕ್ಷೆ ಹಾಕಿದ.

ಯಂತ್ರ ಮೂಲೆ ಸೇರಿತು. ಆದರೆ ವರದಿ ಕಾಲು ಬಂದು ಓಡಿತು. ಮ್ಯಾನೇಜರ್ ಅದನ್ನು ತಮ್ಮ ಮೇಲಿನವರಿಗೆ ಕಳಿಸಿದರು, ಮೇಲಿನವರು ವಿಜ್ಞಾನಿಗಳ ಸಂಘಕ್ಕೆ. ಕೆಲಸ ಕಾಯಂ ಆಯಿತು, ಮಗಳು ಹುಟ್ಟಿದಳು, ವರ್ಷ ತುಂಬುವುದರೊಳಗೆ ಪ್ರಶಸ್ತಿ ಬಂತು. ದೂರದ ಎರಡು ಪ್ರಯೋಗಾಲಯಗಳು ಆಗಲೇ ಗದ್ದಲದ ಕೋಣೆ ಕಟ್ಟಿಸುತ್ತಿದ್ದವು.

ಸಮಾರಂಭಕ್ಕೆ ಕಿವಿಯಣ್ಣನನ್ನೂ ಕರೆದು ವೇದಿಕೆಯಲ್ಲಿ ಕೂರಿಸಿದರು. ಎರಡು ಮಾತಾಡಿ ಎಂದು ಮೈಕು ಮುಂದೆ ಹಿಡಿದಾಗ ಆತ ಕೈಮುಗಿದು ಕೂತುಬಿಟ್ಟ. ಇವರಿಗೆ ಬಾಯಿಯ ಪಾಲನ್ನೂ ದೇವರು ಕಿವಿಗೇ ಕೊಟ್ಟುಬಿಟ್ಟಿದ್ದಾನೆ ಎಂದರು ಮ್ಯಾನೇಜರ್. ಸಭೆ ನಕ್ಕಿತು. ಸಭೆಯನ್ನು ನೋಡಿ ಆತನೂ ನಕ್ಕ.

ಇಂಜಿನಿಯರ್ ಹತ್ತಿರ ಬಂದು, ಕಣ್ಣಲ್ಲಿ ಕಣ್ಣಿಟ್ಟು, ಇದೆಲ್ಲ ನಿಮ್ಮ ಕಿವಿಯ ಪುಣ್ಯ ಎಂದು ಕೈ ಚಾಚಿದ. ಕಿವಿಯಣ್ಣ ಆ ಕೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಹಿಡಿದು ಒಂದು ಗಳಿಗೆ ಕಣ್ಣು ಮುಚ್ಚಿದ.

"ಒಳಗೆಲ್ಲೋ ಸಣ್ಣಗೆ ನಡುಗ್ತಿದೀರಿ, ಸರ್. ಹೆದರಬೇಡಿ," ಎಂದ.

ಬಲಗಿವಿ ಹೋಗಿ ಹನ್ನೊಂದು ವರ್ಷವಾಯಿತು, ಎಡಗಿವಿ ಹೋಗಿ ಒಂಬತ್ತು ವರ್ಷವಾಯಿತು ಎಂದು ಮಾತ್ರ ಆತ ಯಾರಿಗೂ ಹೇಳಲಿಲ್ಲ.