ಮಗಳ ಹೆಸರಿನ ಮೊಳೆ

ಸೀಸ, ಸೀಮೆಎಣ್ಣೆ, ಹಸಿ ಮಸಿ. ಮೂರೂ ಕಲೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ತಾತನ ಮುದ್ರಣಾಲಯದಲ್ಲಿ ಮೇಜಿನಡಿ ಆಡುತ್ತಿದ್ದ ದಿನಗಳು ಅವಳ ಕಣ್ಮುಂದೆ ಬಂದವು. ಅವಳ ಕಚೇರಿಗೆ ಅಹವಾಲು ಹೊತ್ತು ಬಂದು ಎದುರಿಗೆ ಕುಳಿತ ವಯಸ್ಸಾದ ಯಜಮಾನರು ಕರವಸ್ತ್ರ ಬಿಚ್ಚಿ ಒಂದು ಅಚ್ಚಿನ ಮೊಳೆಯನ್ನು ಮೇಜಿನ ಮೇಲಿಟ್ಟಿದ್ದರು.

ಅದು ಒಂದು ಚೀನೀ ಅಕ್ಷರದ ಮೊಳೆ; ಆ ಲಿಪಿಯಲ್ಲಿ ಒಂದೇ ಅಕ್ಷರ ಇಡೀ ಹೆಸರಾಗಬಲ್ಲದು. ಅಂಥ ಸಾವಿರಾರು ಅಕ್ಷರಗಳನ್ನು ಪರೀಕ್ಷಿಸಿ ಒಂದೊಂದಕ್ಕೂ ಸಂಖ್ಯೆ ಕೊಡುವುದೇ ಅವಳ ಕಚೇರಿಯ ಕೆಲಸ. ಸಂಖ್ಯೆ ಇಲ್ಲದ ಅಕ್ಷರ ಕಂಪ್ಯೂಟರಿನ ಪಾಲಿಗೆ ಹುಟ್ಟೇ ಇಲ್ಲ. ಅದರ ಜಾಗದಲ್ಲಿ ಖಾಲಿ ಚೌಕ ಮೂಡುತ್ತದೆ. ಯಜಮಾನರ ಮಗಳ ಮರಣಪತ್ರದಲ್ಲಿ ಹೆಸರಿದ್ದಲ್ಲಿ ಮೂಡಿದ್ದೂ ಅದೇ. ಹೆಸರಿಲ್ಲದ ಪತ್ರಕ್ಕೆ ಸ್ಮಶಾನದವರು ಜಾಗ ಕೊಡಲೊಲ್ಲರು. ಐದು ದಿನದಿಂದ ಮಗಳು ಶವಾಗಾರದಲ್ಲೇ ಇದ್ದಳು.

ನಲವತ್ತು ವರ್ಷ ಮೊಳೆ ಜೋಡಿಸಿದ ಕೈ ಅವರದು. ಮಗಳು ಹುಟ್ಟಿದಾಗ ಯಾರಿಗೂ ಇಲ್ಲದ ಹೆಸರಿಡಬೇಕೆಂದು ಈ ಅಕ್ಷರವನ್ನು ತಾವೇ ಕಲ್ಪಿಸಿ, ತಾವೇ ಎರಕ ಹೊಯ್ದರಂತೆ. ಬೆಳೆದ ಮೇಲೆ ಅವಳು ಮಕ್ಕಳಿಗಾಗಿ ಬರೆದ ಒಗಟಿನ ಪುಸ್ತಕದ ಮೇಲೂ ಇದೇ ಮೊಳೆ ಒತ್ತಿದ್ದರಂತೆ.

ಪುಸ್ತಕ ಎಂದಾಗ ಕೇಳುತ್ತಿದ್ದ ಪರೀಕ್ಷಕಿಗೆ ಮುಳ್ಳು ಚುಚ್ಚಿದಂತಾಯಿತು. ಜೊತೆಯವರು ಅವಳನ್ನು ಭೂತಗನ್ನಡಿ ಎಂದು ಛೇಡಿಸುತ್ತಿದ್ದದ್ದು ಸುಮ್ಮನೆ ಅಲ್ಲ; ಒಮ್ಮೆ ಕಂಡ ಅಕ್ಷರದ ಒಂದು ಗೆರೆಯನ್ನೂ ಅವಳು ಮರೆಯುವವಳಲ್ಲ. ಊಟ ಬಿಟ್ಟು ಹಳೆಯ ಕಡತಗಳನ್ನು ತಡಕಿದಳು. ಮೂರು ಗಂಟೆಗೆ ಸಿಕ್ಕಿತು. ಹನ್ನೆರಡು ವರ್ಷದ ಹಿಂದಿನ ಹಾಳೆ, ಅವಳದೇ ದುಂಡು ಬರಹ: ‘ನಿಯಮದಂತೆ ಎರಡು ಪುಸ್ತಕಗಳ ಆಧಾರವಿಲ್ಲ, ಒಂದರಲ್ಲಿ ಮಾತ್ರ ಇದೆ. ಮೊಳೆ ಜೋಡಿಸಿದವನ ತಪ್ಪಿರಬೇಕು. ಕೈಬಿಡಿ.’

ಮುಚ್ಚಿಡಬಹುದಿತ್ತು. ಅವಳು ಹಾಳೆಯನ್ನು ಅವರತ್ತ ತಿರುಗಿಸಿದಳು.

ಯಜಮಾನರು ಎರಡು ಸಲ ಓದಿದರು. “ಎರಡನೇ ಪುಸ್ತಕ ಬರೀತಿದ್ಲಮ್ಮ,” ಎಂದರು. “ಅರ್ಧ ಆಗಿತ್ತು.”

ಮತ್ತೆ ಅರ್ಜಿ ಹಾಕಿದರೆ ನಾಲ್ಕೈದು ವರ್ಷ ಹಿಡಿಯುತ್ತದೆಂದು, ಸದ್ಯಕ್ಕೆ ಇದನ್ನು ಹೋಲುವ ಬೇರೊಂದು ಅಕ್ಷರ ಹಾಕಿಸಲು ತಾನು ಪತ್ರ ಕೊಡಬಲ್ಲೆನೆಂದು ಅವಳು ನೆಲ ನೋಡುತ್ತ ಹೇಳಿದಳು.

“ಕೊಡಿ. ಇನ್ಯಾರದೋ ಮಗಳು ಸತ್ತಳು ಅಂತಾಗತ್ತೆ. ಆಗ್ಲಿ. ಮಣ್ಣಿಗಾದ್ರೂ ಸೇರ್ಲಿ.”

ಅವಳು ಬರೆದು ಮೊಹರು ಒತ್ತಿದಳು. ಅವಳು ಊಟ ಬಿಟ್ಟದ್ದನ್ನು ಅವರು ನೋಡಿದ್ದರು. ಕೈಚೀಲದಿಂದ ಎರಡು ಊಟದ ಡಬ್ಬಿ ತೆಗೆದರು. ಅವರ ಕೈ ಇನ್ನೂ ಇಬ್ಬರಿಗೇ ಅಡುಗೆ ಮಾಡುತ್ತಿತ್ತು. ಒಂದನ್ನು ತಮ್ಮ ಮುಂದಿಟ್ಟುಕೊಂಡು, ಇನ್ನೊಂದನ್ನು ಅವಳತ್ತ ಸರಿಸಿದರು.