ವಾರಕ್ಕೊಂದು ಸೀಸೆ

ತಿಂದ ಅನ್ನವೇ ಮೈಗೆ ನಂಜಾಗುವ ಮಕ್ಕಳಿಗೆಲ್ಲ ಪ್ರಯೋಗದ ಔಷಧಿ ಕೊಡಬಹುದೆಂದು ಸರ್ಕಾರ ಅಪ್ಪಣೆ ಮಾಡಿತ್ತು. ಆದರೆ ಆಸ್ಪತ್ರೆಗೆ ಬರುತ್ತಿದ್ದದ್ದು ವಾರಕ್ಕೊಂದೇ ಸೀಸೆ. ಹಾಗಾಗಿ ಪ್ರತಿ ಸೋಮವಾರ ಬೆಳಿಗ್ಗೆ ಹಿತ್ತಲಿನ ಅಖಾಡದಲ್ಲಿ ತಾಯಂದಿರು ಹೊಡೆದಾಡುತ್ತಿದ್ದರು. "ಸಾಕು" ಎಂದವಳು ಸೋತಂತೆ.

ಕಸ್ತೂರೆವ್ವ ಬಳೆ ತೆಗೆದು ನರ್ಸಿನ ಕೈಗಿಟ್ಟಳು. ಎದುರಿಗೆ ನಿಂತವಳು ಶಿವಲೀಲಾ, ವಾರ್ಡಿನಲ್ಲಿ ಪಕ್ಕದ ಮಂಚದವಳು. ನಿನ್ನೆಯಷ್ಟೇ ಕಸ್ತೂರೆವ್ವನ ಮಗಳು ಪಾರುವಿಗೆ ಫಿಟ್ಸ್ ಬಂದಾಗ ಓಡಿ ಬಂದು ಮಗುವಿನ ಕಾಲು ಅದುಮಿ ಹಿಡಿದುಕೊಂಡಿದ್ದವಳು.

"ಎಡಗಿವಿಗೆ ಹೊಡಿ ಯಕ್ಕಾ, ಅದು ಹೋದ ವಾರನ ಕೆಟ್ಟೈತಿ," ಎಂದು ಶಿವಲೀಲಾ ನಕ್ಕಳು.

"ಬಾಯಿ ಮುಚ್ಚು. ಹಲ್ಲಾದ್ರೂ ಉಳಿಸ್ಕೊ."

ಸೀಟಿ ಊದಿದರು. ಮೊದಲ ಏಟಿಗೇ ಶಿವಲೀಲಾ ಕಸ್ತೂರೆವ್ವನ ಮೂಗು ಒಡೆದಳು. ಕಸ್ತೂರೆವ್ವ ರಕ್ತ ನುಂಗುತ್ತಲೇ ಅವಳನ್ನು ಕೆಡವಿ, ಬೆನ್ನ ಮೇಲೆ ಮೊಣಕಾಲೂರಿ, ಬಲಗೈಯನ್ನು ಹಿಂದಕ್ಕೆ ತಿರುವಿದಳು. ಎಲುಬು ಮುರಿದ ಸದ್ದು ಸುತ್ತ ನಿಂತವರಿಗೆಲ್ಲ ಕೇಳಿಸಿತು.

"ಸಾಕನ್ನ ಶಿವಿ. ನಿನ್ನ ಕಾಲಿಗೆ ಬೀಳ್ತೀನಿ, ಸಾಕನ್ನ."

ಶಿವಲೀಲಾ ಮಣ್ಣಿನಿಂದ ಮುಖವೆತ್ತಿ ವಾರ್ಡಿನ ಕಿಟಕಿಯತ್ತ ನೋಡಿದಳು. ಅಲ್ಲಿ ಅವಳ ಮಗ ಸಂಜು ಕಂಬಿ ಹಿಡಿದು ನಿಂತಿದ್ದ.

"ಇನ್ನೊಂದು ಕೈ ಐತಲ್ಲ ಯಕ್ಕಾ," ಎಂದಳು.

ಕಸ್ತೂರೆವ್ವ ಕಣ್ಣು ಮುಚ್ಚಿ ಆ ಕೈಯನ್ನೂ ಹಿಡಿದಳು.