ಪಟ್ಟೆಗಾರಪೇಟೆಯ ಹೊಸ ಒಲೆ

ಪಟ್ಟೆಗಾರಪೇಟೆ ಅಂದರೆ ಕೇಳಬೇಕೇ… ಕಿವಿಗೆ ಹಾರ್ನು, ಕಣ್ಣಿಗೆ ರೇಷ್ಮೆ, ಕಾಲ ಮೇಲೆ ಇನ್ನೊಬ್ಬರ ಕಾಲು!

ಯಾವ ಕಾಲದಲ್ಲೋ ರೇಷ್ಮೆ ನೇಯುವ ಜನ ದೂರದ ಸೀಮೆಯಿಂದ ಬಂದು ನೆಲೆ ನಿಂತ ಜಾಗ ಅದು. ಪಟ್ಟೆಗಾರರು ಅನ್ನುವ ಅವರ ಹೆಸರೇ ಪೇಟೆಗೂ ಉಳಿಯಿತು.

ಅಲ್ಲಿನ ದೊಡ್ಡ ಸೀರೆ ಅಂಗಡಿಯ ಸಾಹುಕಾರರು ತುಕಾರಾಮಸಾ. ಅವತ್ತು ಅವರ ಕಾಲು ನೆಲದ ಮೇಲಿರಲಿಲ್ಲ.

ನವರಾತ್ರಿಯ ಮೊದಲ ದಿನ… ಸಂಜೆ ಅಂಬಾಭವಾನಿಯ ಗುಡಿಯಲ್ಲಿ ದೀಪ ಹಚ್ಚುವ ಸರದಿ ಈ ಸಲ ಅವರದು! ಅಜ್ಜ ಹಚ್ಚಿದ್ದ ದೀಪ… ಅಪ್ಪ ಹಚ್ಚಿದ್ದ ದೀಪ…

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ಗೋಡೌನಿನ ಹಿಂದೆ ಹೊಗೆ ಕಂಡಿತು. ಓಡಿ ಹೋಗಿ ನೋಡಿದರೆ, ಮೂರು ಇಟ್ಟಿಗೆ ಇಟ್ಟು ಯಾರೋ ಹೆಂಗಸು ಒಲೆ ಹೂಡಿದ್ದಾಳೆ!

ರಾಯಚೂರಿನ ಕಡೆಯಿಂದ ಮೂಟೆ ಹೊರಲು ಬಂದವನ ಹೆಂಡತಿ, ಹುಲಿಗೆಮ್ಮ. ಕಂಕುಳಲ್ಲಿ ಕೂಸು.

"ರೇಷ್ಮೆ ಗೋಡೌನಮ್ಮಾ ಇದು! ಒಂದು ಕಿಡಿ ಹಾರಿದ್ರೆ ಏನ್ ಗತಿ?" ಅಂತ ಕೂಗುತ್ತಾ ಪಕ್ಕದಲ್ಲಿದ್ದ ಕೊಡ ಎತ್ತಿ ಸುರಿದೇಬಿಟ್ಟರು.

ಚುಂಯ್… ಅಂದಿತು ಒಲೆ. ಅವರು ತಿರುಗಿಯೂ ನೋಡಲಿಲ್ಲ.

ಸಂಜೆಯಾಯಿತು. ಗುಡಿ ಮುಂದೆ ಡೋಲು, ಹೂವಿನ ಪರಿಮಳ, ಜನವೋ ಜನ…

ಆ ದೀಪಕ್ಕೊಂದು ಪದ್ಧತಿ ಇದೆ. ಬೆಂಕಿಪೊಟ್ಟಣ ಮುಟ್ಟುವಂತಿಲ್ಲ. ಪೇಟೆಗೆ ಎಲ್ಲರಿಗಿಂತ ಕೊನೆಗೆ ಬಂದವರು ಯಾರೋ, ಅವರ ಒಲೆಯ ಬೆಂಕಿಯಿಂದಲೇ ದೇವಿಗೆ ದೀಪ!

ಪ್ರತಿ ವರ್ಷ ಯಾವುದಾದರೂ ಹೊಸ ಬಾಡಿಗೆ ಮನೆ ಸಿಗುತ್ತಿತ್ತು. ಈ ವರ್ಷ ನೋಡಿದರೆ ಎಲ್ಲ ಮನೆಗಳೂ ಗೋಡೌನು… ಸಂಸಾರಗಳೆಲ್ಲ ಲೇಔಟಿಗೆ ಹೋಗಿವೆ!

ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜು ಹಾರಿತು… "ಪೇಟೆಯಲ್ಲಿ ಹೊಸ ಒಲೆ ಎಲ್ಲಿದೆ? ಅರ್ಜೆಂಟ್!"

"ನಮ್ಮಂಗಡಿಗೆ ಮೊನ್ನೆ ಇಂಡಕ್ಷನ್ ಸ್ಟವ್ ತಂದಿದೀವಿ, ಆಗುತ್ತಾ?" ಅಂತ ಒಬ್ಬ.

"ಅದ್ರಲ್ಲಿ ಬೆಂಕಿ ಎಲ್ಲಿದೆಯೋ ಮಾರಾಯ, ಬರೀ ಕರೆಂಟ್ ಬಿಲ್ಲು!" ಅಂತ ಇನ್ನೊಬ್ಬ.

ಸೂರ್ಯ ಇಳಿಯುತ್ತಿದ್ದ. ತುಕಾರಾಮಸಾ ಅವರ ಎದೆ ಡೋಲಿಗಿಂತ ಜೋರಾಗಿ ಬಡಿಯುತ್ತಿತ್ತು. ಅಜ್ಜನ ಕಾಲದಿಂದ ಒಮ್ಮೆಯೂ ತಪ್ಪದ ದೀಪ… ನನ್ನ ಕೈಯಲ್ಲೇ ತಪ್ಪಬೇಕೇ ತಾಯೀ?

ಆಗ ಗುಡಿ ಬಾಗಿಲಲ್ಲಿ ಹೂ ಕಟ್ಟುವ ಮುನಿಯಮ್ಮ ದಾರ ಕಚ್ಚಿ ಹರಿದು ಅಂದಳು…

"ಹೊಸ ಒಲೆ ತಾನೇ ಸಾಹುಕಾರ್ರೇ? ನಿಮ್ ಗೋಡೌನ್ ಹಿಂದೇನೇ ಇತ್ತಲ್ಲ. ಬೆಳಿಗ್ಗೆ ನೀವೇ ನೀರು ಸುರಿದ್ರಲ್ಲ!"

ಡೋಲು ನಿಂತಿತು.

ಸಾಹುಕಾರರು ಓಡಿದರು. ಹಿಂದೆ ಇಡೀ ಪೇಟೆ ಓಡಿತು. ಎಲ್ಲರಿಗಿಂತ ಹಿರಿಯಳಾದ ಯಮುನಾಬಾಯಿ ಅಜ್ಜಿಯೂ ಕೋಲೂರುತ್ತಾ ಬಂದಳು.

ಅಷ್ಟು ಜನರನ್ನು ಕಂಡು ಹುಲಿಗೆಮ್ಮ ಕೂಸನ್ನು ಎದೆಗೊತ್ತಿಕೊಂಡು ಗೋಡೆಗೆ ಸರಿದಳು.

"ಮತ್ತ ಹಚ್ಚಿಲ್ರೀ ಸಾವ್ಕಾರ್ರ… ದೇವರಾಣಿ ಹಚ್ಚಿಲ್ಲ. ಕೂಸಿಗೆ ಹಾಲು ಕಾಸಾಕ ಅಷ್ಟ ಹಚ್ಚಿದ್ನಿ…"

ತುಕಾರಾಮಸಾ ಮೊಣಕಾಲೂರಿ ಒಲೆಯೊಳಗೆ ಕೈ ಇಟ್ಟರು. ಒದ್ದೆ ಬೂದಿ… ತಣ್ಣಗಿತ್ತು. ಪಕ್ಕದ ಪಾತ್ರೆಯಲ್ಲಿ ಬೆಳಗಿನ ಹಾಲು ಕಾಸದೆ ಹುಳಿಯಾಗಿತ್ತು.

"ಅಜ್ಜೀ… ಮುಗೀತು. ದೇವಿಯ ಬೆಂಕೀನ ನಾನೇ ಆರಿಸಿಬಿಟ್ಟೆ."

ಅಜ್ಜಿ ಬೈಯಲಿಲ್ಲ. "ದೀಪ ಹಚ್ಚೋ ಹೊತ್ತಿಗೆ ವರ್ಷಾ ವರ್ಷಾ ಹಾಡ್ತೀಯಲ್ಲಪ್ಪ, ಆ ಹಾಡು ಹೇಳು" ಅಂದಳು.

ತಡವರಿಸುತ್ತಾ ಹೇಳಿದರು…

"ಊರ ಬಿಟ್ಟು ಬಂದೆವು, ಒಲೆಯಿಲ್ಲದೆ ನಿಂದೆವು…
ಕೆಂಡವಿತ್ತ ಕೈಯೊಳಗೆ ನಿನ್ನ ಕಂಡೆವು ಅಂಬೆ…"

ಹುಟ್ಟಿದಾಗಿನಿಂದ ಕೇಳಿದ ಹಾಡು. ಬಾಯಿಗೆ ಬರುತ್ತಿತ್ತು… ಎದೆಗೆ ಬಂದದ್ದು ಅವತ್ತೇ.

ಬೀದಿಯಲ್ಲಿ ಕೂತಿದ್ದ ತಮ್ಮ ಹಿರಿಯರಿಗೆ ಈ ಊರಿನ ಯಾರೋ ತಾಯಿ ತನ್ನ ಒಲೆಯಿಂದ ಕೆಂಡ ತೆಗೆದು ಕೊಟ್ಟಿದ್ದಳು. ಆ ಕೈಯ ನೆನಪಿಗೇ ಈ ದೀಪ!

ಸಾಹುಕಾರರು ಎದ್ದು ಅಂಗಡಿಗೆ ಓಡಿದರು. ಗಲ್ಲಾದ ಮೇಲಿದ್ದ ದೇವರ ದೀಪ ಎತ್ತಿಕೊಂಡರು. ಅಂಗೈ ಮರೆ ಮಾಡಿಕೊಂಡು ರಸ್ತೆಗಿಳಿದರು.

"ಏಯ್ ದಾರಿ ಬಿಡ್ರೋ! ಆಟೋ ನಿಲ್ಸಪ್ಪಾ! ಗಾಳಿಗೆ ಅಡ್ಡ ನಿಂತ್ಕೊಳ್ಳಿ!"

ಹಾರ್ನುಗಳು ನಿಂತವು! ಎಂದೂ ನಿಲ್ಲದ ಪಟ್ಟೆಗಾರಪೇಟೆ ಒಂದು ಪುಟ್ಟ ಜ್ವಾಲೆಗಾಗಿ ಉಸಿರು ಬಿಗಿ ಹಿಡಿದು ನಿಂತಿತು…

ಗೋಡೌನಿನ ಆಚೆ ಗುಡಿಯ ಬಯಲು ಅಂಗಳ. ಇಟ್ಟಿಗೆಗಳನ್ನು ಅಲ್ಲಿಗೇ ತರಿಸಿದರು. ಒಣ ಕಟ್ಟಿಗೆ ಜೋಡಿಸಿ, ಜರಿಪಂಚೆಯಲ್ಲೇ ನೆಲಕ್ಕೆ ಬಾಗಿ ಊದಿದರು. ಕಣ್ಣಲ್ಲಿ ನೀರು… ಅಷ್ಟಕ್ಕೂ ಅಲ್ಲಿ ಹೊಗೆ ಹೆಚ್ಚಿರಲಿಲ್ಲ.

ಭಗ್ ಅಂತ ಹೊತ್ತಿತು! ಗುಡಿಯಿಂದ ತಂದುಕೊಟ್ಟ ಹೊಸ ಹಾಲನ್ನು ಹುಲಿಗೆಮ್ಮ ಒಲೆಗಿಟ್ಟಳು. ಹಾಲು ಏರಿತು… ಏರಿತು… ಉಕ್ಕಿತು!

"ಹಾಲುಕ್ಕಿತು ಕಣ್ರೇ, ಈಗ ಇದೇ ಪೇಟೆಗೆಲ್ಲ ಹೊಸ ಒಲೆ!" ಅಂತ ಅಜ್ಜಿ ಚಪ್ಪಾಳೆ ತಟ್ಟಿದಳು.

ಮೊದಲು ಕೂಸು ಕುಡಿಯಿತು. ಆಮೇಲೆ ಸಾಹುಕಾರರು ಕೈಯೊಡ್ಡಿದರು.

"ತಾಯೀ… ನಮ್ಮ ದೇವಿಗೆ ಸ್ವಲ್ಪ ಬೆಂಕಿ ಕೊಡ್ತೀಯಾ?"

ಬೆಳಿಗ್ಗೆ ತನ್ನ ಒಲೆಗೆ ನೀರು ಸುರಿದ ಕೈಯನ್ನೇ ಅವಳು ನೋಡಿದಳು. ಉರಿಯುವ ಕೊಳ್ಳಿಯೊಂದನ್ನು ತೆಗೆದು ಮುಂದೆ ಚಾಚಿದಳು.

"ತಗೋರಿ… ಬೆಂಕಿ ಕೇಳಾಕ ಬಂದೋರನ್ನ ನಮ್ಮೂರಾಗ ಬರಿಗೈಲಿ ಕಳಸೂದಿಲ್ರೀ."

ಸಾಹುಕಾರರ ತಲೆ ತಾನಾಗಿ ಬಾಗಿತು.

ಆ ಸಂಜೆ ದೀಪ ತಪ್ಪಲಿಲ್ಲ. ಹುಲಿಗೆಮ್ಮನ ಒಲೆಯನ್ನೂ ಆ ಅಂಗಳದಿಂದ ಮತ್ತೆ ಯಾರೂ ಎಬ್ಬಿಸಲಿಲ್ಲ.

🪔 ನಮ್ಮ ಹಿರಿಯರಿಗೆ ಸಿಕ್ಕ ಕೆಂಡದ ಋಣ ತೀರುವುದು, ನಮ್ಮಿಂದ ಇನ್ನೊಂದು ಒಲೆ ಹೊತ್ತಿದಾಗಲೇ.

ನಿಮ್ಮ ಬೀದಿಗೆ ಎಲ್ಲರಿಗಿಂತ ಕೊನೆಗೆ ಬಂದವರು ಯಾರು… ಅವರ ಒಲೆ ಇವತ್ತು ಹೊತ್ತಿದೆಯೇ ಅಂತ ಒಮ್ಮೆಯಾದರೂ ಕೇಳಿದ್ದೀರಾ?